ಕೊಕ್ಕರೆ ರೋಗದ ವೈರಸ್: ಸೌಮ್ಯವೋ ಮಾರಕವೋ, ಬರೆದಿರುವುದು ಜೀನ್‌ನಲ್ಲಿ

ಹಸಿರು ಹಿಕ್ಕೆ, ತಿರುಚಿದ ಕತ್ತು, ಏದುಸಿರು. ಕೆಲವೇ ದಿನಗಳಲ್ಲಿ ಗೂಡು ಖಾಲಿ. ಕೋಳಿ ಸಾಕುವ ಹಳ್ಳಿಗಳಿಗೆ ಕೊಕ್ಕರೆ ರೋಗ ಹೊಸದಲ್ಲ. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಾಣಿಸಿಕೊಂಡ ಇದಕ್ಕೆ ಭಾರತದಲ್ಲಿ ರಾಣಿಖೇತ್ ರೋಗವೆಂಬ ಹೆಸರು ನಿಂತಿತು. ಇದರ ತೀವ್ರತೆಯ ಬಗೆಗಿನ ಕೆಲವು ನಂಬಿಕೆಗಳು ಸಾಕಣೆದಾರರಿಗೇ ನಷ್ಟ ತರುತ್ತಿವೆ.

ನಂಬಿಕೆ: ಈ ವೈರಸ್ ಹೊಕ್ಕರೆ ಹಿಂಡು ಉಳಿಯುವುದಿಲ್ಲ.

ಸತ್ಯ: ಎಲ್ಲವೂ ತಳಿಯ ಮೇಲಿದೆ. ಲೆಂಟೋಜೆನಿಕ್ ತಳಿಗಳು ಕೋಳಿಗೆ ಬಹಳವೆಂದರೆ ಸಣ್ಣ ಉಸಿರಾಟದ ತೊಂದರೆ ಕೊಡುತ್ತವೆ. ಮೆಸೋಜೆನಿಕ್ ನಡುವಿನವು. ವೆಲೋಜೆನಿಕ್ ತಳಿ ಬಂದರೆ ಮಾತ್ರ ಲಸಿಕೆಯಿಲ್ಲದ ಹಿಂಡೇ ಬರಿದಾಗಬಹುದು. ಮರಿಗಳ ಕಣ್ಣಿಗೆ ಹನಿ ಹಾಕುವ ಎಫ್ ಮತ್ತು ಲಾಸೋಟ ಲಸಿಕೆಗಳಲ್ಲಿ ಇರುವುದು ಇದೇ ವೈರಸ್ಸಿನ ಸೌಮ್ಯ ತಳಿ, ಅದೂ ಜೀವಂತವಾಗಿ.

ನಂಬಿಕೆ: ಸೌಮ್ಯ ತಳಿಗೂ ಮಾರಕ ತಳಿಗೂ ಅಜಗಜಾಂತರ.

ಸತ್ಯ: ಈ ವೈರಸ್ಸಿನ ಆರ್‌ಎನ್‌ಎ ಸುಮಾರು 15,000 ಅಕ್ಷರಗಳಷ್ಟು ಉದ್ದ, ಅದರಲ್ಲಿ 6 ಜೀನ್‌ಗಳು. ಎಫ್ ಜೀನ್ ತಯಾರಿಸುವ ಪ್ರೋಟೀನ್ ವೈರಸ್ಸನ್ನು ಜೀವಕೋಶದೊಳಕ್ಕೆ ಸೇರಿಸುತ್ತದೆ. ಆದರೆ ಕೋಳಿಯ ಕಿಣ್ವವೊಂದು ಅದನ್ನು ಗೊತ್ತಾದ ಜಾಗದಲ್ಲಿ ತುಂಡರಿಸಿದ ಮೇಲಷ್ಟೇ ಅದಕ್ಕೆ ಆ ಶಕ್ತಿ. ಸೌಮ್ಯ ತಳಿಯ ಈ ಪ್ರೋಟೀನನ್ನು ತುಂಡರಿಸಬಲ್ಲ ಕಿಣ್ವಗಳಿರುವುದು ಮುಖ್ಯವಾಗಿ ಶ್ವಾಸನಾಳ, ಕರುಳುಗಳಲ್ಲಿ. ಸೋಂಕು ಬಹುಪಾಲು ಅಲ್ಲೇ ನಿಲ್ಲುತ್ತದೆ. ಮಾರಕ ತಳಿಯಲ್ಲಿ ಆ ಜಾಗದ ತುಂಬ ಆರ್ಜಿನೈನ್, ಲೈಸಿನ್ ಎಂಬ ಅಮೈನೋ ಆಮ್ಲಗಳಿರುವುದರಿಂದ, ಮೈಯೆಲ್ಲಾ ಇರುವ ಫ್ಯೂರಿನ್ ಕಿಣ್ವವೇ ಅದನ್ನು ಕತ್ತರಿಸಿಬಿಡುತ್ತದೆ. ಆಗ ಸೋಂಕು ಮಿದುಳು, ಗುಲ್ಮಗಳಿಗೂ ಹಬ್ಬುತ್ತದೆ. ಆಸ್ಟ್ರೇಲಿಯಾದಲ್ಲಿ 1998ರಲ್ಲಿ ಕಾಣಿಸಿಕೊಂಡ ಮಾರಕ ವೈರಸ್ ಹೊರಗಿನಿಂದ ಬಂದದ್ದಲ್ಲ. ಅಲ್ಲಿಯೇ ಇದ್ದ ಸೌಮ್ಯ ತಳಿಯೊಂದು ಇದೇ ಜಾಗದ ಬೆರಳೆಣಿಕೆಯ ಬದಲಾವಣೆಗಳಿಂದ ಮಾರಕವಾಗಿತ್ತು.

ನಂಬಿಕೆ: ಹಾಗಾದರೆ ಎಫ್ ಜೀನ್ ಒಂದೇ ಎಲ್ಲಕ್ಕೂ ಕಾರಣ.

ಸತ್ಯ: ಪಾರಿವಾಳಗಳಲ್ಲಿ ಹರಡುವ ಕೆಲವು ತಳಿಗಳ ಎಫ್ ಪ್ರೋಟೀನಿನಲ್ಲಿ ಮಾರಕ ಗುರುತು ಇದ್ದರೂ ಕೋಳಿಗಳನ್ನು ಅವು ಅಷ್ಟಾಗಿ ಕಾಡುವುದಿಲ್ಲ. ವೈರಸ್ಸಿನ ಪ್ರತಿಗಳನ್ನು ತಯಾರಿಸುವ ಎನ್‌ಪಿ, ಪಿ, ಎಲ್ ಜೀನ್‌ಗಳು ಕೋಳಿಯ ದೇಹದಲ್ಲಿ ಎಷ್ಟು ಚುರುಕಾಗಿವೆ ಎಂಬುದೂ ಮುಖ್ಯ. ಪಿ ಜೀನ್‌ನಿಂದಲೇ ಹುಟ್ಟುವ ವಿ ಪ್ರೋಟೀನ್ ಕೋಳಿಯ ಮೊದಲ ರಕ್ಷಣೆಯಾದ ಇಂಟರ್‌ಫೆರಾನನ್ನು ಅಡಗಿಸುತ್ತದೆ. ಜೀವಕೋಶಕ್ಕೆ ಅಂಟಿಕೊಳ್ಳಲು ಬೇಕಾದ ಎಚ್‌ಎನ್ ಜೀನ್‌ಗೂ ಇದರಲ್ಲಿ ಪಾಲಿದೆ.

ನಂಬಿಕೆ: ಲಸಿಕೆ ಯಾವುದಾದರೇನು, ಮರಿಗೆ ಎಷ್ಟು ವಯಸ್ಸಾದರೇನು?

ಸತ್ಯ: ನಮ್ಮಲ್ಲಿ ಬಳಕೆಯಲ್ಲಿರುವ ಆರ್2ಬಿ ಲಸಿಕೆ ಮೆಸೋಜೆನಿಕ್ ತಳಿಯದು. ಎಳೆಯ ಮರಿಗೆ ಅದನ್ನು ಕೊಟ್ಟರೆ ಲಸಿಕೆಯೇ ರೋಗವಾದೀತು. ಮೊದಲು ಸೌಮ್ಯ ಲಸಿಕೆ ಪಡೆದು, ಸಾಮಾನ್ಯವಾಗಿ ಆರರಿಂದ ಎಂಟು ವಾರ ದಾಟಿದ ಕೋಳಿಗಷ್ಟೇ ಅದು ಸಲ್ಲುತ್ತದೆ.

ನಂಬಿಕೆ: ಲಸಿಕೆ ಹಾಕಿದ ಹಿಂಡಿನಲ್ಲಿ ವೈರಸ್ ಇರುವುದಿಲ್ಲ.

ಸತ್ಯ: ತಳಿಗಳು ಎಷ್ಟೇ ಇದ್ದರೂ ಈ ವೈರಸ್ಸಿನ ಸೆರೋಟೈಪ್, ಅಂದರೆ ಪ್ರತಿಕಾಯಗಳು ಗುರುತಿಸುವ ಬಗೆ, ಒಂದೇ. ಆದ್ದರಿಂದಲೇ ಸೌಮ್ಯ ತಳಿಯ ಲಸಿಕೆ ಮಾರಕ ತಳಿಯಿಂದಲೂ ಪ್ರಾಣ ಕಾಯುತ್ತದೆ. ಆದರೆ ಅದು ತಡೆಯುವುದು ರೋಗವನ್ನು. ಆರೋಗ್ಯವಾಗಿ ಕಾಣುವ ಕೋಳಿಯೂ ವೈರಸ್ಸನ್ನು ಹೊರಹಾಕಬಹುದು. ರೋಗ ಕಂಡ ಹಿಂಡಿನ ಕೋಳಿಯನ್ನು ಸಂತೆಗೆ ಒಯ್ದರೆ ನೆರೆಯವರ ಹಿತ್ತಲಿಗೂ ಸೋಂಕು ತಲುಪುತ್ತದೆ. ಬಂದಿರುವ ತಳಿ ಯಾವುದೆಂದು ಕಣ್ಣಳತೆಯಲ್ಲಿ ಹೇಳಲಾಗದು. ಪಶುವೈದ್ಯರ ಮೂಲಕ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಲಸಿಕೆಯನ್ನು ವೇಳಾಪಟ್ಟಿಯಂತೆ ಹಾಕಿಸಿ. ಜೀನ್ ಬದಲಾಗುವುದನ್ನು ನಾವು ತಡೆಯಲಾರೆವು, ವೈರಸ್ ಹರಡುವುದನ್ನು ಖಂಡಿತ ತಡೆಯಬಲ್ಲೆವು.