ಹರಿಹರದ ಬಯಲಿಗೊಂದು ಶಿಲಾಮೂರ್ತಿ: ಒಂದು ಸೂಚನೆ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು ೧೪ ಕಿಲೋಮೀಟರುಗಳ ಹಾದಿ. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯೂ ರೈಲುದಾರಿಯೂ ಈ ಬಯಲನ್ನು ದಾಟಿಯೇ ಮುಂದುವರಿಯುವುದರಿಂದ ದಿನವೊಂದಕ್ಕೆ ಸಾವಿರಾರು ಜನರು ಈ ನೆಲದ ಮೇಲೆ ಹಾದುಹೋಗುತ್ತಾರೆ. ಭದ್ರಾ ನಾಲೆಯ ನೀರಿನಿಂದ ಹಸುರಾದ ಭತ್ತದ ಗದ್ದೆಗಳು, ಅವುಗಳ ನಡುವೆ ತೆಂಗಿನ ಸಾಲುಗಳು, ಅಲ್ಲಲ್ಲಿ ಅಕ್ಕಿಗಿರಣಿಗಳು, ಕೊನೆಗೆ ತುಂಗಭದ್ರೆಯ ಸೇತುವೆ. ಇಷ್ಟರಲ್ಲಿ ಪ್ರಯಾಣಿಕನು ಬೇರೊಂದು ಜಿಲ್ಲೆಯನ್ನು ಸೇರಿರುತ್ತಾನೆ. ತಾನು ದಾಟಿದ ಭೂಮಿಯು ಎಂತಹುದು, ಅಲ್ಲಿ ಯಾರು ದುಡಿದರು, ಆ ನದಿಯು ಒಂದು ಕಾಲದಲ್ಲಿ ಯಾವುದನ್ನು ಯಾವುದರಿಂದ ಬೇರೆ ಮಾಡಿತ್ತು ಎಂಬುದನ್ನು ಅವನಿಗೆ ತಿಳಿಸುವ ಕುರುಹೊಂದೂ ಆ ಬಯಲಿನಲ್ಲಿ ಇಲ್ಲ. ಅಂತಹ ಕುರುಹೊಂದನ್ನು, ಎಂದರೆ ದೂರದಿಂದಲೇ ಕಣ್ಣಿಗೆ ಬೀಳುವ ದೊಡ್ಡದೊಂದು ಶಿಲಾಮೂರ್ತಿಯನ್ನು, ಅಲ್ಲಿ ನಿಲ್ಲಿಸಬೇಕೆಂಬ ಸೂಚನೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಮೂರ್ತಿಯೆಂದೊಡನೆ ವಿವೇಕಿಗಳಾದವರು ಹುಬ್ಬು ಗಂಟಿಕ್ಕುವರೆಂಬುದನ್ನು ನಾವು ಬಲ್ಲೆವು. ಅದಕ್ಕೆ ಕಾರಣವೂ ಉಂಟು. ಗುಜರಾತಿನಲ್ಲಿ ೨೦೧೮ರಲ್ಲಿ ಸರದಾರ ಪಟೇಲರ ೧೮೨ ಮೀಟರುಗಳ ಪ್ರತಿಮೆಯು ಎದ್ದುನಿಂತ ಬಳಿಕ, ಅಡಿಗಳ ಲೆಕ್ಕದಲ್ಲಿ ಪೈಪೋಟಿ ನಡೆಸುವ ಚಪಲವು ನಮ್ಮ ನಾಡಿನಲ್ಲಿಯೂ ಹೆಚ್ಚಿರುವುದು. ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ ೨೦೨೨ರಲ್ಲಿ ಕೆಂಪೇಗೌಡರ ೧೦೮ ಅಡಿಗಳ ಕಂಚಿನ ಮೂರ್ತಿಯು ಅನಾವರಣಗೊಂಡಿತು. ನಮ್ಮ ನೆರೆಯ ಚಿತ್ರದುರ್ಗದಲ್ಲಿ ೩೨೩ ಅಡಿಗಳ ಬಸವ ಪುತ್ಥಳಿಯೊಂದನ್ನು ಯೋಜಿಸಲಾಯಿತು. ವರ್ಷಗಳು ಉರುಳಿದರೂ ಕೆಲಸವು ಮುಗಿಯದೆ ನಿಂತಿತು. ಕಾರ್ಕಳದ ಬೈಲೂರಿನ ಉಮಿಕ್ಕಳ ಗುಡ್ಡದ ಮೇಲೆ ೨೦೨೩ರ ಜನವರಿಯಲ್ಲಿ ಅನಾವರಣಗೊಂಡ ಪರಶುರಾಮನ ಮೂರ್ತಿಯು ಯಾವ ವಸ್ತುವಿನಿಂದ ಆಗಿರುವುದೆಂಬ ವಿವಾದವು ಹುಟ್ಟಿ, ಅದೇ ವರ್ಷದಲ್ಲಿ ಮೂರ್ತಿಯ ಮೇಲ್ಭಾಗವನ್ನೇ ಇಳಿಸಬೇಕಾಯಿತು. ಇವನ್ನೆಲ್ಲ ಕಂಡ ಮೇಲೆ “ನಮಗೂ ಒಂದು” ಎಂದು ಕೇಳುವವನು ತನ್ನ ಕೋರಿಕೆಗೆ ಸರಿಯಾದ ಸಮಾಧಾನವನ್ನು ಹೇಳಲೇಬೇಕು. ಅದನ್ನೇ ಇಲ್ಲಿ ಹೇಳಲು ಯತ್ನಿಸುತ್ತೇವೆ.

ಬಯಲಿನಲ್ಲಿ, ಬೆಟ್ಟದಲ್ಲಿ ಬೃಹನ್ಮೂರ್ತಿಗಳನ್ನು ನಿಲ್ಲಿಸುವ ವಿದ್ಯೆಯು ಕನ್ನಡಿಗರಿಗೆ ಹೊರಗಿನಿಂದ ಬಂದುದಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯನು ಮಾಡಿಸಿದ ಶ್ರವಣಬೆಳಗೊಳದ ಗೊಮ್ಮಟನು ಸುಮಾರು ೫೮ ಅಡಿಗಳ ಎತ್ತರದವನು. ಕಾರ್ಕಳದ ಗೊಮ್ಮಟನು ೧೪೩೨ರಲ್ಲಿಯೂ ವೇಣೂರಿನವನು ೧೬೦೪ರಲ್ಲಿಯೂ ನಿಂತರು. ಕಳೆದ ಶತಮಾನದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಡೆದ ೩೯ ಅಡಿಗಳ ಮೂರ್ತಿಯು ಇಂದು ಧರ್ಮಸ್ಥಳದಲ್ಲಿ ನಿಂತಿರುವುದರಿಂದ, ಆ ಕೈವಾಡವು ನಮ್ಮಲ್ಲಿ ನಶಿಸಿಲ್ಲವೆಂದು ಧೈರ್ಯದಿಂದ ಹೇಳಬಹುದು. ಆದರೆ ಬೆಳಗೊಳದ ಮೂರ್ತಿಯು ಸಾವಿರ ವರ್ಷ ಬಾಳಿರುವುದು ಕೇವಲ ಎತ್ತರದಿಂದಲ್ಲ. ಅದು ತಾನು ನಿಂತ ಬೆಟ್ಟದ ಕಲ್ಲಿನಿಂದಲೇ ಆಗಿರುವುದು ಒಂದು ಕಾರಣ. ಹನ್ನೆರಡು ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕದ ನೆಪದಿಂದ ಜನರು ಮತ್ತೆ ಮತ್ತೆ ಅದರ ಬಳಿಗೆ ಬಂದು ಅದರ ಯೋಗಕ್ಷೇಮವನ್ನು ವಿಚಾರಿಸಿಕೊಳ್ಳುತ್ತಿರುವುದು ಎರಡನೆಯ ಕಾರಣ. ನೆಲಕ್ಕೆ ಸೇರದ ಮೂರ್ತಿಯೂ ನೋಡಿಕೊಳ್ಳುವವರಿಲ್ಲದ ಮೂರ್ತಿಯೂ ಬಹುಕಾಲ ಬಾಳುವುದಿಲ್ಲ.

ಹಾಗಾದರೆ ಹರಿಹರದ ನೆಲಕ್ಕೆ ಸೇರಿದ ರೂಪವಾವುದು? ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸೂಳೆಕೆರೆಯಿಂದ ಹರಿದುಬರುವ ಹರಿದ್ರಾ ಹಳ್ಳವು ತುಂಗಭದ್ರೆಯನ್ನು ಕೂಡುವ ಈ ಸ್ಥಳಕ್ಕೆ ಹಿಂದೆ ಕೂಡಲೂರು ಎಂದೇ ಹೆಸರಿತ್ತು. ಇಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರ ಹೊತ್ತಿಗೆ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ೧೨೬೮ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕನಾದ ಸೋಮನು ಅದನ್ನು ಬೆಳೆಯಿಸಿದನು. ಗರ್ಭಗುಡಿಯಲ್ಲಿರುವ ಮೂರ್ತಿಯ ಬಲಭಾಗವು ಹರನದು, ಎಡಭಾಗವು ಹರಿಯದು. ಒಂದೇ ದೇಹ, ಒಂದೇ ನಿಲುವು. ಆದರೂ ಎರಡು ಅರ್ಧಗಳು ತಮ್ಮ ತಮ್ಮ ಲಕ್ಷಣಗಳನ್ನು ಬಿಟ್ಟುಕೊಟ್ಟಿಲ್ಲ. ಶೈವರಿಗೂ ವೈಷ್ಣವರಿಗೂ ವಿವಾದಗಳಿದ್ದ ಕಾಲದಲ್ಲಿ ಈ ರೂಪವನ್ನು ನಿಲ್ಲಿಸಿದವರು, ಸೋಲುಗೆಲುವುಗಳಿಲ್ಲದೆ ಕೂಡಿ ಬಾಳುವ ದಾರಿಯನ್ನು ಕಲ್ಲಿನಲ್ಲಿ ತೋರಿಸಿದರು. ಊರಿಗೆ ಹೆಸರು ಬಂದುದೂ ಆ ದಾರಿಯಿಂದಲೇ.

ಈ ಕೂಡುವಿಕೆಯು ಪುರಾಣದಲ್ಲಿ ಮುಗಿದುದಲ್ಲ. ೧೯೫೬ಕ್ಕೆ ಮೊದಲು ಹರಿಹರದ ದಡವು ಮೈಸೂರು ಸಂಸ್ಥಾನದ ಅಂಚು. ಸೇತುವೆಯ ಆಚೆಯ ರಾಣೆಬೆನ್ನೂರಿನ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ ಜಿಲ್ಲೆ. ಒಂದೇ ನುಡಿಯನ್ನಾಡುವ ಅಣ್ಣತಮ್ಮಂದಿರು ಒಂದೇ ನದಿಯ ನೀರನ್ನು ಕುಡಿಯುತ್ತ ಎರಡು ಸರಕಾರಗಳ ಪ್ರಜೆಗಳಾಗಿ ಬಾಳಿದರು. ೧೯೫೬ರ ನವಂಬರ ೧ರಂದು ಆ ಗಡಿಯು ಅಳಿಯಿತು. ಇಂದು ಅದು ದಾವಣಗೆರೆ ಮತ್ತು ಹಾವೇರಿ ಜಿಲ್ಲೆಗಳ ನಡುವಣ ರೇಖೆಯಾಗಿ ಮಾತ್ರ ಉಳಿದಿರುವುದು. ಆಚೆಯ ದಡದ ಕುಮಾರಪಟ್ಟಣದಲ್ಲಿರುವ ಕಾರ್ಖಾನೆಯು ತನ್ನ ಹೆಸರಿನಲ್ಲಿ ಹರಿಹರವನ್ನು ಇಟ್ಟುಕೊಂಡಿರುವುದೇ ಎರಡು ದಡಗಳ ಬಾಳು ಎಷ್ಟು ಹೊಂದಿಕೊಂಡಿದೆ ಎಂಬುದಕ್ಕೆ ಸಾಕ್ಷಿ. ಕರ್ನಾಟಕವು ಒಂದಾದುದನ್ನು ಕಣ್ಣಿನಿಂದ ಕಾಣುವುದಾದರೆ ಈ ಸೇತುವೆಯ ಮೇಲೆ ನಿಂತು ಕಾಣಬೇಕು. ಅದನ್ನು ನೆನಪಿಗೆ ತರುವ ಕಲ್ಲು ಇಲ್ಲಿ ನಿಲ್ಲದೆ ಮತ್ತೆಲ್ಲಿ ನಿಲ್ಲಬೇಕು?

ಇನ್ನು ಮೂರ್ತಿಯು ಯಾರದಾಗಿರಬೇಕೆಂಬುದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ರಾಜನದೆಂದರೆ ಯಾವ ವಂಶದವನೆಂದು ಕೇಳುವರು. ಶರಣರದೆಂದರೆ ಯಾವ ಮಠದವರು ಮುಂದಾಳುಗಳೆಂದು ಕೇಳುವರು. ಮುಖಂಡರದೆಂದರೆ ಪಕ್ಷವನ್ನು ಕೇಳುವರು. ಮಹಾಪುರುಷರನ್ನು ಜಾತಿಜಾತಿಗಳಿಗೆ ಹಂಚಿಕೊಟ್ಟು, ಒಂದೊಂದು ವೃತ್ತದಲ್ಲಿ ಒಂದೊಂದು ಪ್ರತಿಮೆಯನ್ನು ನಿಲ್ಲಿಸಿ, ಆಮೇಲೆ ಅವುಗಳಿಗೆ ಪೋಲೀಸರ ಕಾವಲನ್ನು ಹಾಕುವ ದುಃಸ್ಥಿತಿಯನ್ನು ನಾವು ಊರೂರಿನಲ್ಲಿ ಕಾಣುತ್ತಿರುವೆವು. ಆದುದರಿಂದ ಈ ಬಯಲಿನ ಮೂರ್ತಿಯು ಯಾವ ದೊಡ್ಡ ಹೆಸರಿನದೂ ಆಗಕೂಡದು. ಅದು ಈ ನೆಲದಲ್ಲಿ ದುಡಿದವರದಾಗಲಿ.

ಈ ಸೀಮೆಯಲ್ಲಿ ದುಡಿದವರೆಂದರೆ ಎರಡು ಬಗೆಯವರು. ನಾಲೆ ಬರುವುದಕ್ಕೆ ಮೊದಲು ಜೋಳವನ್ನೂ ಹತ್ತಿಯನ್ನೂ, ಬಂದ ಮೇಲೆ ಭತ್ತವನ್ನೂ ಬೆಳೆದ ಒಕ್ಕಲಮಕ್ಕಳು ಒಂದು ಕಡೆ. ಆ ಹತ್ತಿಯನ್ನು ನೂಲಾಗಿ, ಬಟ್ಟೆಯಾಗಿ ಮಾಡಿದ ಕಾರ್ಮಿಕರು ಮತ್ತೊಂದು ಕಡೆ. ಕಳೆದ ಶತಮಾನದಲ್ಲಿ ದಾವಣಗೆರೆಯು ತನ್ನ ಹತ್ತಿಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. ಹರಿಹರದಲ್ಲಿ ೧೯೪೧ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಆದ ಲೇತ್ ಯಂತ್ರಗಳು ದೇಶದ ಎಷ್ಟೋ ಕಾರ್ಯಾಗಾರಗಳಲ್ಲಿ ತಿರುಗಿದವು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆಯೂ ನಿಂತಿತು. ಸಿಳ್ಳಿನ ಕೂಗಿಗೆ ಎದ್ದು, ಪಾಳಿಗೆ ಹೋಗಿ, ಮಕ್ಕಳನ್ನು ಓದಿಸಿ, ನಗರವನ್ನು ಕಟ್ಟಿದ ತಲೆಮಾರು ಈಗ ಮುಪ್ಪಿನಲ್ಲಿರುವುದು. ಅವರು ಹೋದ ಮೇಲೆ ಈ ಊರುಗಳು ಹೇಗೆ ಬೆಳೆದವೆಂಬುದನ್ನು ಹೇಳುವವರಾರು? ದಾವಣಗೆರೆಯೆಂದರೆ ಬೆಣ್ಣೆದೋಸೆಯ ಊರೆಂಬುದೊಂದೇ ಹೊರಗಿನವರಿಗೆ ತಿಳಿದಿರುವುದು. ದೋಸೆಯ ರುಚಿಯಲ್ಲಿ ನಮಗೆ ವಿವಾದವಿಲ್ಲ. ಆದರೆ ಊರಿನ ಕೀರ್ತಿಯು ಅಷ್ಟಕ್ಕೇ ನಿಂತರೆ ದುಡಿದವರಿಗೆ ಅನ್ಯಾಯವಾದೀತು.

ಆದುದರಿಂದ ನಮ್ಮ ಸೂಚನೆ ಇದು: ಹರಿಹರೇಶ್ವರನ ಮೂರ್ತಿಯ ತತ್ತ್ವವನ್ನೇ ಹಿಡಿದು ಒಂದೇ ದೇಹದ ಮನುಷ್ಯಾಕೃತಿಯೊಂದನ್ನು ಕಡೆಯಬೇಕು. ಬಲದ ಅರ್ಧವು ಹೊಲದವರದು, ಎಡದ ಅರ್ಧವು ಗಿರಣಿಯವರದು. ಬಲಗೈಯಲ್ಲಿ ನೇಗಿಲಿನ ಮೇಳಿ, ಎಡಗೈಯಲ್ಲಿ ನೂಲಿನ ಕದಿರು. ಬಲಗಾಲು ಕೆಸರಿನ ನೆಲದ ಮೇಲೆ, ಎಡಗಾಲು ಹಾಸುಗಲ್ಲಿನ ಮೇಲೆ. ತಲೆಯ ಒಂದು ಪಕ್ಕದಲ್ಲಿ ಮುಂಡಾಸು, ಇನ್ನೊಂದು ಪಕ್ಕದಲ್ಲಿ ಬರಿದಲೆ. ಮುಖವು ಮಾತ್ರ ಒಂದೇ. ಗದ್ದೆಗಳಲ್ಲಿ ಸೊಂಟ ಬಗ್ಗಿಸಿ ನಾಟಿ ಮಾಡುವವರು ಹೆಂಗಸರೆಂಬುದನ್ನು ಶಿಲ್ಪಿಯು ಮರೆಯಬಾರದು. ಪೀಠದ ಸುತ್ತಲಿನ ಉಬ್ಬುಶಿಲ್ಪದಲ್ಲಿ ಅವರ ಸಾಲು ಮೊದಲನೆಯದಾಗಲಿ. ಪೂಜೆ, ಹುಂಡಿ, ಗೋಪುರ ಯಾವುವೂ ಇಲ್ಲಿ ಬೇಡ. ದೇವರಿಗೆ ಊರಿನಲ್ಲಿ ಎಂಟುನೂರು ವರ್ಷಗಳ ಮನೆಯುಂಟು. ಬಯಲಿನಲ್ಲಿ ಮನುಷ್ಯನು ನಿಲ್ಲಲಿ.

ಎತ್ತರವು ೪೦ ಅಡಿಗಳನ್ನು ಮೀರಬೇಕಾಗಿಲ್ಲ. ಸಮತಟ್ಟಾದ ಗದ್ದೆಯ ಬಯಲಿನಲ್ಲಿ ಬೆಳೆದ ತೆಂಗಿನ ಮರವೊಂದು ಎಷ್ಟು ದೂರಕ್ಕೆ ಕಾಣುವುದೆಂಬುದನ್ನು ಬಲ್ಲವರಿಗೆ ಇದು ಸಾಲುವುದು. ಅಷ್ಟೆತ್ತರದ ಏಕಶಿಲೆಯನ್ನು ಸಾಗಿಸುವ ಸಾಹಸವೂ ಬೇಡ. ಚೆನ್ನಾಗಿ ಕಡೆದ ಗಟ್ಟಿಕಲ್ಲಿನ ವರಸೆಗಳನ್ನು ಒಂದರ ಮೇಲೊಂದು ಕೂಡಿಸಿ ನಿಲ್ಲಿಸಿದರೆ ಸಾಕು. ಕಾಂಕ್ರೀಟನ್ನು ಎರೆದು ಮೇಲೆ ಬಣ್ಣ ಬಳಿಯುವ ಕೆಲಸವಂತೂ ಸರ್ವಥಾ ಕೂಡದು. ಬಣ್ಣವು ಕೆಲವು ಮಳೆಗಾಲಗಳಲ್ಲಿ ಮಾಸುವುದು. ಒಳಗಿನ ಕಬ್ಬಿಣವು ತುಕ್ಕುಹಿಡಿದು ಗಾರೆಯನ್ನು ಸೀಳುವುದು. ಸೋಮನೇ ಕಟ್ಟಿಸಿದ ಸೋಮನಾಥಪುರದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯು ತನ್ನ ಹೆಸರನ್ನು ಕಲ್ಲಿನಲ್ಲಿ ಬಿಟ್ಟುಹೋದಂತೆ, ಇಲ್ಲಿಯೂ ಕಡೆದವರ ಹೆಸರುಗಳು ಪೀಠದ ಮೇಲಿರಲಿ; ಅನಾವರಣ ಮಾಡಿದವರ ಹೆಸರು ಇಲ್ಲದಿದ್ದರೂ ನಡೆದೀತು.

ಸ್ಥಳದ ವಿಚಾರದಲ್ಲಿ ಅಧಿಕಾರಿಗಳು ವಿಶೇಷ ಎಚ್ಚರವನ್ನು ವಹಿಸಬೇಕು. ಮೂರ್ತಿಗಾಗಿ ಒಬ್ಬ ರೈತನ ಒಂದು ಗುಂಟೆ ನೀರಾವರಿ ಭೂಮಿಯನ್ನೂ ಕಸಿಯಬಾರದು. ರೈತನ ಗದ್ದೆಯನ್ನು ಕಸಿದು ರೈತನ ಪ್ರತಿಮೆಯನ್ನು ನಿಲ್ಲಿಸುವುದು ಅಪಹಾಸ್ಯಕ್ಕೆ ಗುರಿಯಾದೀತು. ಗೋಮಾಳವನ್ನು ಮುಟ್ಟಿದರೆ ದನಕರುಗಳ ಬಾಯಿಗೆ ಕೈ ಹಾಕಿದಂತಾಗುವುದು. ನದಿಗೆ ಹೋಗುವ ಹಾದಿಯಲ್ಲಿ ಸಾಗುವಳಿಗೆ ಬಾರದ ಸರಕಾರಿ ಖರಾಬು ಜಮೀನನ್ನು ಗುರುತಿಸಿ, ಆ ಗ್ರಾಮಸಭೆಯ ಒಪ್ಪಿಗೆಯನ್ನು ಮೊದಲು ಪಡೆಯಬೇಕು. ಎರೆಭೂಮಿಯು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದರಿಂದ, ಗಟ್ಟಿ ಗರಸಿನ ನೆಲವನ್ನೇ ಆರಿಸಬೇಕು. ಸುತ್ತಲೂ ಗೋಡೆಯಾಗಲಿ ಪ್ರವೇಶದ ಟಿಕೀಟಾಗಲಿ ಬೇಡ. ಬೇವು ಹೊಂಗೆಗಳ ನೆರಳು, ಕುಡಿಯುವ ನೀರು, ಕುಳಿತುಕೊಳ್ಳಲು ಕಲ್ಲಿನ ಕಟ್ಟೆ ಇಷ್ಟಿದ್ದರೆ ದಾರಿಹೋಕನೂ ಕೂಲಿಯವರೂ ಅದನ್ನು ತಮ್ಮದೆಂದು ತಿಳಿಯುವರು.

“ಹಳ್ಳಿಗಳಲ್ಲಿ ಆಸ್ಪತ್ರೆಯ ಕೊರತೆಯಿರುವಾಗ ಕಲ್ಲಿಗೇಕೆ ಹಣ?” ಎಂದು ಕೇಳುವವರನ್ನು ನಾವು ಗೌರವಿಸುತ್ತೇವೆ. ಆ ಪ್ರಶ್ನೆಯು ನ್ಯಾಯವಾದುದು. ಆದುದರಿಂದಲೇ ಆಸ್ಪತ್ರೆಗೆ, ಶಾಲೆಗೆ, ನೀರಿಗೆ ಮೀಸಲಾದ ಬೊಕ್ಕಸದ ಒಂದು ಪೈಯೂ ಈ ಕೆಲಸಕ್ಕೆ ಬರಬಾರದೆಂದು ಒತ್ತಿ ಹೇಳುತ್ತೇವೆ. ಹಣವು ವಂತಿಗೆಯಿಂದ ಕೂಡಲಿ. ವರ್ತಕರು, ಗಿರಣಿಯ ಮಾಲೀಕರ ಮನೆತನಗಳು, ಹೊರನಾಡಿನಲ್ಲಿ ನೆಲಸಿರುವ ಈ ಊರಿನ ಮಕ್ಕಳು ದೊಡ್ಡ ಮೊತ್ತಗಳನ್ನು ಕೊಡಲಿ. ಶಾಲೆಯ ಹುಡುಗರು ಒಂದೊಂದು ರೂಪಾಯಿಯನ್ನು ಕೊಡಲಿ. ಕೂಡಿದ ಹಣದ ಲೆಕ್ಕವು ತಿಂಗಳಿಗೊಮ್ಮೆ ಪ್ರಕಟವಾಗಲಿ. ಮೂರ್ತಿಗೆ ಉಳಿ ಮುಟ್ಟಿಸುವುದಕ್ಕೆ ಮೊದಲೇ, ಕೂಡಿದುದರಲ್ಲಿ ಒಂದು ಪಾಲನ್ನು ಮುಂದಿನ ಸಂರಕ್ಷಣೆಗಾಗಿ ಬ್ಯಾಂಕಿನಲ್ಲಿ ಕಟ್ಟಿಡಬೇಕು. ನಮ್ಮ ಪೂರ್ವಿಕರು ಗುಡಿಯನ್ನು ಕಟ್ಟಿಸಿದಾಗ ಅದರ ದೀಪಕ್ಕೂ ದುರಸ್ತಿಗೂ ದತ್ತಿಯನ್ನು ಬಿಟ್ಟು ಶಾಸನದಲ್ಲಿ ಬರೆಯಿಸುತ್ತಿದ್ದರು. ಕಟ್ಟುವ ಉತ್ಸಾಹವಿದ್ದು ಕಾಯುವ ಏರ್ಪಾಡಿಲ್ಲದ ನಮ್ಮ ಕಾಲದವರು ಈ ಒಂದು ಪಾಠವನ್ನಾದರೂ ಅವರಿಂದ ಕಲಿಯಬೇಕು.

ಈ ಕೆಲಸಕ್ಕೆ ಬೇಕಾದ ಜನರು ದೂರದಲ್ಲಿಲ್ಲ. ದಾವಣಗೆರೆಯಲ್ಲಿಯೇ ದೃಶ್ಯಕಲಾ ಮಹಾವಿದ್ಯಾಲಯವಿದೆ. ನಾಡಿಗೆ ಒಂದು ಶಿಲ್ಪಕಲಾ ಅಕಾಡೆಮಿಯಿದೆ. ಅವುಗಳ ಮೂಲಕ ಬಹಿರಂಗ ಸ್ಪರ್ಧೆಯನ್ನು ನಡೆಯಿಸಿ, ಬಂದ ಮಾದರಿಗಳನ್ನು ಎರಡು ಊರುಗಳಲ್ಲಿಯೂ ಜನರ ನೋಟಕ್ಕೆ ಇಟ್ಟು, ಬಳಿಕ ತೀರ್ಮಾನಿಸಬೇಕು. ನಮ್ಮ ಕಲ್ಪನೆಗಿಂತ ಉತ್ತಮವಾದ ರೂಪವೊಂದು ತರುಣ ಶಿಲ್ಪಿಯಿಂದ ಬಂದರೆ ನಮ್ಮದನ್ನು ಸಂತೋಷದಿಂದ ಹಿಂತೆಗೆದುಕೊಳ್ಳುವೆವು.

ದಾವಣಗೆರೆಯ ಮಹಾನಗರಪಾಲಿಕೆಯವರೂ ಹರಿಹರದ ನಗರಸಭೆಯವರೂ ಒಂದು ದಿನ ಒಂದೇ ಮೇಜಿನ ಸುತ್ತ ಕುಳಿತು, ನದಿಯಾಚೆಯ ಗ್ರಾಮಗಳ ಪ್ರತಿನಿಧಿಗಳನ್ನೂ ಕರೆದು, ಈ ವಿಷಯವನ್ನು ಪರ್ಯಾಲೋಚಿಸಬೇಕೆಂದು ವಿಜ್ಞಾಪಿಸುತ್ತೇವೆ. ಮೊದಲ ಸಭೆಗೆ ಖರ್ಚಿಲ್ಲ. ಗಿರಣಿಯಲ್ಲಿ ದುಡಿದ ಹಿರಿಯರು ಬದುಕಿರುವಾಗಲೇ ಆ ಸಭೆಯು ಸೇರಲಿ. ಮೂರ್ತಿಯ ಎಡಗೈಯು ಕದಿರನ್ನು ಹೇಗೆ ಹಿಡಿಯಬೇಕೆಂಬುದನ್ನು ಶಿಲ್ಪಿಗೆ ಹೇಳಿಕೊಡುವವರು ಅವರೇ.