ನಕ್ಷತ್ರದ ಸಾವಿಗೆ ಸಾಕ್ಷಿ ಹುಡುಕಿದ ಹುಬ್ಬಳ್ಳಿಯ ಹುಡುಗ

ಕಳೆದ ರಮಝಾನಿಗೆ ಚಂದ್ರ ನೋಡಲು ಕೊಪ್ಪಳದ ನಮ್ಮ ಮದ್ರಸದ ಮಾಳಿಗೆ ಹತ್ತಿದ್ದೆವು. ಪಡುವಣದಲ್ಲಿ ಮೋಡ. ಬೇರೆ ಊರಲ್ಲಿ ಕಂಡವರ ಸಾಕ್ಷ್ಯ ಬರಲಿ ಎಂದು ಫೋನ್ ಹಿಡಿದು ಕಾಯುತ್ತಿದ್ದೆವು. ಆಗ ತಮ್ಮನ ಜೊತೆ ಬಂದಿದ್ದ ಎಸೆಸೆಲ್ಸಿ ಹುಡುಗಿಯೊಬ್ಬಳು ಕೇಳಿದಳು: “ಹಜರತ್, ಚುಕ್ಕಿನೂ ಸಾಯ್ತಾವೇನ್ರೀ?”

ಪಿಯುಸಿ ಮುಗಿಸಿ ದೀನಿ ಶಿಕ್ಷಣದ ಕಡೆ ತಿರುಗಿದ ನಮಗೆ ಉತ್ತರ ಹೊಳೆಯಲಿಲ್ಲ. “ನಾಳೆ ಹೇಳ್ತೇವೆ” ಅಂದೆವು. ಓದುತ್ತಾ ಹೋದಂತೆ ಉತ್ತರ ನಮ್ಮ ರೈಲು ಹಾದಿಯಲ್ಲೇ ಇರುವ ಹುಬ್ಬಳ್ಳಿಗೆ ಬಂದು ನಿಂತಿತು.

ನಕ್ಷತ್ರವೂ ಸಾಯುತ್ತದೆ. ಸೂರ್ಯನಿಗಿಂತ ಬಹಳ ದೊಡ್ಡ ನಕ್ಷತ್ರದ ಇಂಧನ ಮುಗಿದರೆ ಅದರ ಒಡಲು ಕುಸಿದು ಸ್ಫೋಟಿಸುತ್ತದೆ. ಇದು ಸೂಪರ್‌ನೋವಾದ ಒಂದು ಬಗೆ. ಕೆಲವು ವಾರ ಅದೊಂದೇ ಕೋಟ್ಯಂತರ ನಕ್ಷತ್ರಗಳಷ್ಟು ಬೆಳಗಿ ಆಮೇಲೆ ಮಂಕಾಗುತ್ತದೆ. ನಮ್ಮ ರಕ್ತದ ಕಬ್ಬಿಣ, ಎಲುಬಿನ ಕ್ಯಾಲ್ಸಿಯಂ ಎಂದೋ ಇಂಥ ಸ್ಫೋಟಗಳಿಂದ ಹರಡಿದವು ಎನ್ನುತ್ತಾರೆ ವಿಜ್ಞಾನಿಗಳು.

ಕ್ರಿ.ಶ. 1006ರಲ್ಲಿ ಒಂದು ಸೂಪರ್‌ನೋವಾ ಕಂಡಿತು. ಆಗಷ್ಟೇ ಓದು ಶುರು ಮಾಡಿದ್ದ ಈಜಿಪ್ಟಿನ ಅಲಿ ಇಬ್ನ್ ರಿದ್ವಾನ್ ಅದನ್ನು ನೋಡಿದರು. ಶುಕ್ರನಿಗಿಂತ ಎರಡೂವರೆ ಮೂರು ಪಟ್ಟು ದೊಡ್ಡದು, ಚಂದ್ರನ ಬೆಳಕಿನ ಕಾಲು ಭಾಗಕ್ಕಿಂತ ತುಸು ಹೆಚ್ಚು ಎಂದು ಮುಂದೆ ಬರೆದಿಟ್ಟರು. ಚೀನಾ, ಜಪಾನ್‌ನವರೂ ಬರೆದರು, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸನ್ಯಾಸಿಗಳೂ ಬರೆದರು. ಒಬ್ಬರಿಗೆ ಇನ್ನೊಬ್ಬರ ಸುದ್ದಿಯೇ ಗೊತ್ತಿರಲಿಲ್ಲ. ಆ ಸಾಕ್ಷ್ಯಗಳನ್ನೆಲ್ಲ ಜೋಡಿಸಿ ಆ ಸ್ಫೋಟದ ಅವಶೇಷ ಇದೇ ಎಂದು ಗುರುತಿಸಿದ್ದು 1965ರಲ್ಲಿ!

ಈ ಕಾಯುವಿಕೆಯನ್ನು ಗಂಟೆಗಳಿಗೆ ಇಳಿಸಿದವರಲ್ಲಿ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ ಪ್ರಮುಖರು. ಲೇಖಕಿ ಸುಧಾ ಮೂರ್ತಿಯವರ ಸಹೋದರ. ದಿಲ್ಲಿಯ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋಗಿ ಕ್ಯಾಲ್‌ಟೆಕ್‌ನಲ್ಲಿ ಪ್ರಾಧ್ಯಾಪಕರಾದರು. ಆಕಾಶದ ಚಿತ್ರವನ್ನು ಮತ್ತೆ ಮತ್ತೆ ತೆಗೆದು, ಹಳೆಯದರ ಜೊತೆ ಕಂಪ್ಯೂಟರಿನಲ್ಲಿ ಹೋಲಿಸಿ, ಹೊಸ ಚುಕ್ಕಿ ಕಂಡ ಕೂಡಲೇ ಲೋಕಕ್ಕೆ ತಿಳಿಸುವುದು ಅವರ ಯೋಜನೆ. ಕ್ಯಾಲಿಫೋರ್ನಿಯಾದ ಪಾಲೋಮರ್ ಬೆಟ್ಟದಲ್ಲಿ 2009ರಲ್ಲಿ ಮೊದಲ ಸಮೀಕ್ಷೆ, 2018ರಲ್ಲಿ ಝ್ವಿಕಿ ಸಮೀಕ್ಷೆ ಶುರುವಾಯಿತು. 2011ರ ಆಗಸ್ಟ್ 24ರಂದು 2.1 ಕೋಟಿ ಜ್ಯೋತಿರ್ವರ್ಷ ದೂರದ ಎಂ101 ಗೆಲಾಕ್ಸಿಯ ಸೂಪರ್‌ನೋವಾ ಬೆಳಗಲು ಶುರುವಾದ ಕೆಲವೇ ಗಂಟೆಗಳಲ್ಲಿ ಸಿಕ್ಕಿಬಿತ್ತು. ಝ್ವಿಕಿ ಸಮೀಕ್ಷೆ ವರ್ಗೀಕರಿಸಿದ ಸೂಪರ್‌ನೋವಾಗಳು 2024ರಲ್ಲಿ 10,000 ದಾಟಿದವು. ಅದೇ ವರ್ಷ ಕುಲಕರ್ಣಿಯವರಿಗೆ ಶಾ ಪ್ರಶಸ್ತಿ ಬಂತು.

ಆದರೆ ಕ್ಯಾಲಿಫೋರ್ನಿಯಾದಲ್ಲೂ ಬೆಳಗಾಗುತ್ತದಲ್ಲ? ಆ ಹೊತ್ತಿಗೆ ಲಡಾಖಿನ ಹಾನ್ಲೆಯಲ್ಲಿ ಕತ್ತಲಾಗುತ್ತದೆ. ಅಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ನಮ್ಮ ದೇಶದ ಎರಡು ಮೀಟರಿನ ಚಂದ್ರ ದೂರದರ್ಶಕ ಇದೆ. ಅದನ್ನು ನಡೆಸುವುದು ಬೆಂಗಳೂರು ಬಳಿಯ ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಮೂಲಕ. ಅದನ್ನು ಕಟ್ಟಿ ನಿಲ್ಲಿಸಿದ ತಂಡದಲ್ಲಿದ್ದ ಜಿ.ಸಿ. ಅನುಪಮಾ ಸೂಪರ್‌ನೋವಾ ತಜ್ಞೆ; ಭಾರತೀಯ ಖಗೋಳ ಸಂಘಕ್ಕೆ ಅಧ್ಯಕ್ಷೆಯಾದ ಮೊದಲ ಮಹಿಳೆ. ಪಕ್ಕದಲ್ಲೇ ಇರುವ 70 ಸೆಂಟಿಮೀಟರಿನ ಗ್ರೋತ್-ಇಂಡಿಯಾ ದೂರದರ್ಶಕ ಹಲವು ದೇಶಗಳ ಸರಪಳಿಯ ಒಂದು ಕೊಂಡಿ. 2023ರ ಮೇ 19ರಂದು ಜಪಾನಿನ ಹವ್ಯಾಸಿ ಕೋಯಿಚಿ ಇಟಾಗಾಕಿ ಅದೇ ಎಂ101ರಲ್ಲಿ ಇನ್ನೊಂದು ಸೂಪರ್‌ನೋವಾ ಕಂಡು ಸುದ್ದಿ ಕೊಟ್ಟಾಗ, ಹಾನ್ಲೆಯ ಎರಡೂ ದೂರದರ್ಶಕಗಳು ಅದರ ಬೆನ್ನು ಹತ್ತಿದವು. ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹವೂ ಜೊತೆಗೂಡಿತು.

ಮೋಡ ಮುಚ್ಚಿದ ಊರಿನವರು ಮೋಡವಿಲ್ಲದ ಊರಿನವರ ಮಾತು ನಂಬಿ ನಡೆಯುವುದು ನಮಗೆ ಹೊಸದಲ್ಲ. ಈ ವಿಜ್ಞಾನವೂ ನಿಂತಿರುವುದು ಆ ನಂಬಿಕೆಯ ಮೇಲೆ. ಅಲ್ಲಿಯೂ ಸಾಕ್ಷಿಯನ್ನು ಪರೀಕ್ಷಿಸಿಯೇ ಸ್ವೀಕರಿಸುತ್ತಾರೆ.

ಮರುದಿನ ಹುಡುಗಿಗೆ ಇದನ್ನೆಲ್ಲ ಹೇಳಿದೆವು. ಕೆಲವು ದಿನ ಕಳೆದು ಆಟೋ ಓಡಿಸುವ ಅವಳ ಅಬ್ಬಾ ಬಂದರು. “ಹಜರತ್, ಸೈನ್ಸ್ ತಗೋತೀನಿ ಅಂತ ಹಟ ಹಿಡದಾಳ. ಖರ್ಚು ಭಾಳ ಆಕ್ಕೈತಿ. ಬ್ಯಾಡ ಅಂತ ನೀವರ ಒಂದ್ ಮಾತು ಹೇಳ್ರಿ” ಅಂದರು. ಅವರ ಕಷ್ಟ ಸುಳ್ಳಲ್ಲ. ಆದರೂ ಆ ಮಾತು ನಮ್ಮ ಬಾಯಿಂದ ಬರಲಿಲ್ಲ. ಸರಕಾರಿ ಪಿಯು ಕಾಲೇಜಿನ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ ಎರಡನ್ನೂ ಅವರ ಜೊತೆ ಕೂತು ತುಂಬಿಸಿದೆವು.

ನಿಮ್ಮ ಮಾಳಿಗೆಯ ಮೇಲೂ ಇಂಥದ್ದೊಂದು ಪ್ರಶ್ನೆ ಕೇಳುವ ಮಗು ಇರಬಹುದು. ಉತ್ತರ ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ, “ನಾಳೆ ಹೇಳ್ತೇವೆ” ಅನ್ನಿ. ಆದರೆ ಆ ನಾಳೆಯನ್ನು ಮರೆಯಬೇಡಿ.