ಟ್ರಂಪೆಟ್ಟೂ ಇಲ್ಲ, ಊದುವವನೂ ಇಲ್ಲ!

ಹೀರೋ ಎಂಟ್ರಿಗೆ ‘ಪ್ಯಾಂ’ ಅಂತ ಟ್ರಂಪೆಟ್ ಮೊಳಗಿದರೆ ನೀವು ಶಿಳ್ಳೆ ಹೊಡೀತೀರಿ. ಊದಿದ್ದು ಮನುಷ್ಯನೋ, ಮಷೀನೋ? ಗುರುತು ಹಿಡಿಯಿರಿ ನೋಡೋಣ!

ಈ ಚಮತ್ಕಾರದ ಬೇರು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದೆ. ‘2001: ಎ ಸ್ಪೇಸ್ ಒಡಿಸ್ಸಿ’ (1968) ಚಿತ್ರದಲ್ಲಿ ಕಂಪ್ಯೂಟರ್ ಹ್ಯಾಲ್ ಹಾಡುತ್ತಲ್ಲ, ಆ ಹಾಡನ್ನು 1961ರಲ್ಲೇ ನಿಜವಾದ ಕಂಪ್ಯೂಟರ್ ಕೈಲಿ ಹಾಡಿಸಿದ ಜಾಗ ಅದು. ಆದರೆ ಟ್ರಂಪೆಟ್ ಮಾತ್ರ ಬಗ್ಗಲಿಲ್ಲ. ಪುಸ್ತಕದ ಲೆಕ್ಕದಂತೆ ದನಿ ಕಟ್ಟಿದರೆ ಬರೀ ಗುಂಯ್‌ಗುಟ್ಟುತ್ತಿತ್ತು!

1960ರ ದಶಕದ ನಡುವೆ ಫ್ರಾನ್ಸಿನ ಜಾನ್-ಕ್ಲೋದ್ ರಿಸೆ ಅಲ್ಲಿಗೆ ಬಂದರು. ನಿಜವಾದ ಟ್ರಂಪೆಟ್ ಊದಿಸಿ, ರೆಕಾರ್ಡ್ ಮಾಡಿ, ಆ ದನಿಯನ್ನು ಎಳೆಎಳೆಯಾಗಿ ಬಿಡಿಸಿದರು. ಒಂದು ಸ್ವರದೊಳಗೆ ಹಲವು ಸ್ವರಗಳ ಕಂತೆಯೇ ಇರುತ್ತೆ. ಒಂದೊಂದೂ ಎಷ್ಟು ಬೇಗ ಏರುತ್ತೆ, ಹೇಗೆ ಇಳಿಯುತ್ತೆ ಅನ್ನೋ ಗೆರೆಗೆ ‘ಎನ್ವಲಪ್’ ಅಂತಾರೆ. ಅಂಚೆ ಕವರ್ ಅಲ್ಲ ಗುರುಗಳೇ! ಗುಟ್ಟು ಅಲ್ಲೇ ಇತ್ತು. ಕೆಳಗಿನ ಎಳೆಗಳು ಮೊದಲು ಏಳುತ್ತವೆ, ಮೇಲಿನವು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದೆಯೇ ಬರುತ್ತವೆ. ಜೋರಾಗಿ ಊದಿದಷ್ಟೂ ಮೇಲಿನವುಗಳ ಆರ್ಭಟ ಜಾಸ್ತಿ. ಈ ಗೆರೆಗಳನ್ನೇ ಕಂಪ್ಯೂಟರ್ ದನಿಗೆ ತೊಡಿಸಿದರು ರಿಸೆ. ಅಬ್ಬಾ, ಅಸಲಿ ಯಾವುದು ನಕಲಿ ಯಾವುದು ಅಂತ ಕೇಳಿದವರಿಗೆ ಹೇಳೋದೇ ಕಷ್ಟವಾಯ್ತು!

ಮುಂದೆ 1987ರಲ್ಲಿ ಜಪಾನಿನ ರೋಲ್ಯಾಂಡ್ ಡಿ-50 ಕೀಬೋರ್ಡ್ ಬಂತು. ಅದರ ಹಲವು ದನಿಗಳಲ್ಲಿ ಸ್ವರದ ಮೊದಲ ಚೂರು ಅಸಲಿ ವಾದ್ಯದ ರೆಕಾರ್ಡಿಂಗು, ಉಳಿದ ಮೈ ಯಂತ್ರದ್ದು. ನಮ್ಮ ಕಿವಿ ಆ ಮೊದಲ ಚೂರಿಗೇ ಮರುಳಾಗಿಬಿಡುತ್ತೆ!

ಇಂಥ ಕೀಬೋರ್ಡುಗಳು ಬಂದ ಮೇಲೆ ಸ್ಟುಡಿಯೋದಲ್ಲಿ ಸಾಲಾಗಿ ಕೂತು ಊದುತ್ತಿದ್ದ ಎಷ್ಟೋ ಜನ ಮನೆಗೆ ಹೋದರು. ಪಾಪ, ಅವರ ಹೆಸರು ಟೈಟಲ್ ಕಾರ್ಡಿನಲ್ಲಿ ಮೊದಲೂ ಬರುತ್ತಿದ್ದುದು ಅಪರೂಪ.